ಪಾಟೀಲ್, ವೀರೇಂದ್ರ

(1924-97). ಎರಡು ಬಾರಿ ರಾಜ್ಯದ ಮುಖ್ಯಮಂತ್ರಿಯಾಗಿದ್ದ ರಾಜಕಾರಣಿ. ಹುಟ್ಟೂರು ಕಲಬುರಗಿ ಜಿಲ್ಲೆಯ ಚಿಂಚೋಳಿ. ಆಗ ಅದು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಓದಿದ್ದು ಕಾನೂನು. 1956ರಲ್ಲಿ ಚಿಂಚೋಳಿ, ಸೇಡಂ, ಚಿತ್ತಾಪುರ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. ಮರುವರ್ಷವೇ ಚಿಂಚೋಳಿಯಿಂದ ವಿಧಾನಸಭೆಗೆ ಬಂದ ಪಾಟೀಲರು 1968ರ ಮೇ 29ರಂದು ಎಸ್. ನಿಜಲಿಂಗಪ್ಪನವರ ಉತ್ತರಾಧಿಕಾರಿಯಾಗಿ ಮುಖ್ಯಮಂತ್ರಿಯಾದರು. ಹೈದರಾಬಾದ್ ಕರ್ನಾಟಕದಿಂದ ಆ ಹುದ್ದೆಗೆ ಏರಿದವರಲ್ಲಿ ಅವರೇ ಮೊದಲಿಗರು. ಅವರನ್ನೂ ರಾಮಕೃಷ್ಣ ಹೆಗಡೆಯವರನ್ನೂ ಜನ ನಿಜಲಿಂಗಪ್ಪನವರ ಲವ-ಕುಶರೆಂದು ಕರೆಯುತ್ತಿದ್ದರು. ಮುಂದೆ ಇಬ್ಬರ ದಾರಿಯೂ ಬೇರೆಯಾಯಿತು.

ಮೊದಲ ಅವಧಿಯಲ್ಲಿ ಗಮನಿಸಬೇಕಾದದ್ದು 1970ರಲ್ಲಿ ಸ್ಥಾಪನೆಯಾದ ವಿದ್ಯುತ್ ನಿಗಮ, ಇಂದಿನ ಕೆಪಿಸಿ. 1969ರಲ್ಲಿ ಕಾಂಗ್ರೆಸ್ ಒಡೆದಾಗ ಪಾಟೀಲರು ಗುರು ನಿಜಲಿಂಗಪ್ಪನವರ ಜೊತೆ ಸಂಸ್ಥಾ ಕಾಂಗ್ರೆಸ್ಸಿನಲ್ಲಿಯೇ ಉಳಿದರು. 1971ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 27 ಸ್ಥಾನಗಳೂ ಇಂದಿರಾ ಕಾಂಗ್ರೆಸ್ಸಿನ ಪಾಲಾದವು. ಅದೇ ಮಾರ್ಚ್‌ನಲ್ಲಿ ಸರ್ಕಾರ ಬಿತ್ತು. 1978ರ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ಎದುರು ಜನತಾ ಪಕ್ಷದ ಅಭ್ಯರ್ಥಿಯಾಗಿ ನಿಂತು ಸುಮಾರು 77 ಸಾವಿರ ಮತಗಳಿಂದ ಸೋತರು. ಎರಡು ವರ್ಷ ಕಳೆಯುವುದರೊಳಗೆ ಅದೇ ಇಂದಿರಾ ಗಾಂಧಿಯವರ ಸಂಪುಟದಲ್ಲಿ ಪೆಟ್ರೋಲಿಯಂ ಸಚಿವರಾಗಿದ್ದರು. ಇದನ್ನು ಅವಕಾಶವಾದವೆಂದು ಹೇಳಿದವರುಂಟು. ಆ ಕಾಲದ ಕಾಂಗ್ರೆಸ್ಸಿನಲ್ಲಿ ಅದು ಅಪರೂಪದ ಸಂಗತಿಯಂತೂ ಆಗಿರಲಿಲ್ಲ.

1989ರಲ್ಲಿ ದೇಶದಾದ್ಯಂತ ಕಾಂಗ್ರೆಸ್ ಸೋತಾಗ ಕರ್ನಾಟಕದಲ್ಲಿ ಅದು 224ರಲ್ಲಿ 178 ಸ್ಥಾನ ಗೆದ್ದಿತು. ಪ್ರದೇಶ ಕಾಂಗ್ರೆಸ್ಸಿನ ಅಧ್ಯಕ್ಷರು ಪಾಟೀಲರೇ. ನವೆಂಬರ್ 30ರಂದು ಮತ್ತೆ ಮುಖ್ಯಮಂತ್ರಿಯಾದಾಗ ಅವರಿಗೆ 65 ವರ್ಷ. ಈ ಬಾರಿ ಅವರು ಕೈಹಾಕಿದ್ದು ಬೊಕ್ಕಸಕ್ಕೆ, ಅದರಲ್ಲೂ ಅಬಕಾರಿ ಆದಾಯದ ಸೋರಿಕೆಗೆ. ಹೆಂಡದ ಗುತ್ತಿಗೆದಾರರ ಲಾಬಿಯನ್ನು ಎದುರು ಹಾಕಿಕೊಂಡದ್ದೇ ಮುಳುವಾಯಿತೆಂಬ ಮಾತು ಕಲಬುರಗಿ ಕಡೆ ಇಂದಿಗೂ ಕೇಳಿಬರುತ್ತದೆ. ಪತನಕ್ಕೆ ಅದೊಂದೇ ಕಾರಣವೆಂದು ಹೇಳಲು ಬರುವುದಿಲ್ಲ.

1990ರ ಆಗಸ್ಟ್‌ನಲ್ಲಿ ಮಂಡಲ್ ವರದಿ ಜಾರಿಯ ಘೋಷಣೆ, ಅದರ ಬೆನ್ನಿಗೆ ಅಯೋಧ್ಯೆಯ ರಥಯಾತ್ರೆ. ಅಕ್ಟೋಬರ್ ಆರಂಭದಲ್ಲಿ ಚನ್ನಪಟ್ಟಣ, ರಾಮನಗರ, ದಾವಣಗೆರೆಗಳಲ್ಲಿ ಕೋಮುಗಲಭೆ ಹೊತ್ತಿಕೊಂಡಾಗ ಮುಖ್ಯಮಂತ್ರಿ ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಿದ್ದರು. ಗಲಭೆ ನಡೆದ ಊರುಗಳಿಗೆ ಬಂದ ಕಾಂಗ್ರೆಸ್ ಅಧ್ಯಕ್ಷ ರಾಜೀವ್ ಗಾಂಧಿ ಪಾಟೀಲರನ್ನೂ ಕಂಡರು. ದೆಹಲಿಗೆ ಹೊರಡುವ ಮುನ್ನ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಪತ್ರಕರ್ತರ ಮುಂದೆ ಹೊಸ ನಾಯಕನ ಆಯ್ಕೆಯಾಗಲಿದೆ ಎಂದುಬಿಟ್ಟರು. ಅಕ್ಟೋಬರ್ 10ರಂದು ರಾಷ್ಟ್ರಪತಿ ಆಳ್ವಿಕೆ ಬಂತು, 17ರಂದು ಎಸ್. ಬಂಗಾರಪ್ಪ ಪ್ರಮಾಣವಚನ ಸ್ವೀಕರಿಸಿದರು.

ಪಾಟೀಲರ ಹೆಸರು ಬಂದಾಗಲೆಲ್ಲ ಅದರ ಹಿಂದೆಯೇ ಈ ವಿಮಾನ ನಿಲ್ದಾಣವೂ ಬರುತ್ತದೆ. ನಾಲ್ಕು ದಶಕದ ರಾಜಕಾರಣವನ್ನು ಆ ಕೆಲವು ನಿಮಿಷಗಳು ನುಂಗಿಹಾಕಿವೆ. ರೋಗಪೀಡಿತ ಮುಖ್ಯಮಂತ್ರಿಯನ್ನು ಇಳಿಸಲೇಬೇಕೆಂಬ ನಿಯಮವೇನೂ ಇಲ್ಲ. ನೆರೆಯ ತಮಿಳುನಾಡಿನಲ್ಲಿ ಎಂ.ಜಿ. ರಾಮಚಂದ್ರನ್ 1984ರ ಅಕ್ಟೋಬರ್‌ನಲ್ಲಿ ಪಾರ್ಶ್ವವಾಯುವಿಗೆ ತುತ್ತಾಗಿ ಅಮೆರಿಕದ ಆಸ್ಪತ್ರೆಯಲ್ಲಿದ್ದುಕೊಂಡೇ ಡಿಸೆಂಬರ್ ಚುನಾವಣೆ ಗೆದ್ದರು. ಆದರೆ ಎಂಜಿಆರ್ ಪಕ್ಷ ಅವರದೇ ಆಗಿತ್ತು. ಪಾಟೀಲರ ಪಕ್ಷ ದೆಹಲಿಯದು. ಇನ್ನೊಂದು ಮಗ್ಗುಲನ್ನೂ ನೋಡಬೇಕು. ಊರುಗಳು ಉರಿಯುತ್ತಿರುವಾಗ ಆಡಳಿತದ ಹಗ್ಗ ಯಾರ ಕೈಯಲ್ಲಿದೆ ಎಂದು ಜನ ಕೇಳಿದ್ದು ತಪ್ಪಲ್ಲ. ಬದಲಾವಣೆಯ ಅಗತ್ಯವಿತ್ತು. ಅದನ್ನು ಮಾಡಿದ ರೀತಿಯಲ್ಲಿ ಮರ್ಯಾದೆ ಇರಲಿಲ್ಲ.

1994ರಲ್ಲಿ ಕಾಂಗ್ರೆಸ್ 34 ಸ್ಥಾನಕ್ಕೆ ಇಳಿಯಿತು. ಪಾಟೀಲರ ಸಮುದಾಯವಾದ ಲಿಂಗಾಯತರು ಕಾಂಗ್ರೆಸ್ ಬಿಟ್ಟಿದ್ದು ಈ ಅವಮಾನದಿಂದಲೇ ಎಂಬುದು ಪತ್ರಿಕೆಗಳ ಕಾಯಂ ವಿವರಣೆ. ಅದರಲ್ಲಿ ಅರ್ಧ ಸತ್ಯವಿದೆ. ಬಂಗಾರಪ್ಪ ಪಕ್ಷ ತೊರೆದು ತಮ್ಮದೇ ಕಾಂಗ್ರೆಸ್ ಕಟ್ಟಿದ್ದು, ಹುಬ್ಬಳ್ಳಿಯ ಈದ್ಗಾ ಮೈದಾನದ ವಿವಾದ, ದೇವೇಗೌಡ ಮತ್ತು ಹೆಗಡೆಯವರು ಒಂದೇ ವೇದಿಕೆಗೆ ಬಂದದ್ದು ಇವೆಲ್ಲವನ್ನೂ ಬದಿಗಿಟ್ಟು ಒಂದೇ ವಿಮಾನ ನಿಲ್ದಾಣದ ಮೇಲೆ ಭಾರ ಹೊರಿಸಿದರೆ ಲೆಕ್ಕ ತಪ್ಪುತ್ತದೆ.

ತವರಿನ ಅಳತೆಗೋಲು ಬೇರೆಯೇ. ಶಹಾಬಾದ್ ಪರಸಿ ಕಲ್ಲು ಹಾಸಿದ ಕಟ್ಟೆಗಳ ಮೇಲೆ ಕೂತು ಪಾಟೀಲರ ಮಾತು ತೆಗೆದರೆ ಮೊದಲು ಹೆಮ್ಮೆ, ಹಿಂದೆಯೇ ಒಂದು ಪ್ರಶ್ನೆ: ನಮಗೇನು ಮಾಡಿದರು? ವಾಡಿಯ ಸಿಮೆಂಟ್ ಕಾರ್ಖಾನೆ, ಸೇಡಂನ ವಾಸವದತ್ತಾ, ಮಳಖೇಡದ ರಾಜಶ್ರೀ ಇವೆಲ್ಲ ಬಂದದ್ದು ನೆಲದಡಿಯ ಸುಣ್ಣದ ಕಲ್ಲು ಮತ್ತು ರೈಲುಮಾರ್ಗದ ದೆಸೆಯಿಂದ. ಅದರ ಶ್ರೇಯಸ್ಸನ್ನು ಯಾವ ಮುಖ್ಯಮಂತ್ರಿಗೂ ಕೊಡಬೇಕಿಲ್ಲ. ಎರಡು ಬಾರಿ ಮುಖ್ಯಮಂತ್ರಿಯನ್ನು ಕೊಟ್ಟ ಚಿಂಚೋಳಿಯನ್ನು 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳ ಪಟ್ಟಿಯಲ್ಲಿ ಸೇರಿಸಿತು. ಸೇಡಂ, ಚಿತ್ತಾಪುರಗಳೂ ಅದೇ ಪಟ್ಟಿಯಲ್ಲಿವೆ. ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದದ್ದು ಪಾಟೀಲರು ತೀರಿಹೋಗಿ ಒಂದೂವರೆ ದಶಕದ ಮೇಲೆ. ಅದಕ್ಕಾಗಿ ಬೀದಿಗಿಳಿದು ಹೋರಾಡಿದವರಲ್ಲಿ ಅದೇ ಚಿಂಚೋಳಿಯ ಶಾಸಕರಾಗಿದ್ದ ವೈಜನಾಥ ಪಾಟೀಲರು ಮುಂಚೂಣಿಯಲ್ಲಿದ್ದರು.

ಪಾರ್ಶ್ವವಾಯುವನ್ನು ವೀರೇಂದ್ರ ಪಾಟೀಲರ ಖಾತೆಗೆ ಹಾಕಬಾರದು, ತವರಿನ ಹಿಂದುಳಿಕೆಯನ್ನು ಅವರ ಖಾತೆಯಿಂದ ಪೂರ್ತಿ ತೆಗೆಯಲೂ ಬಾರದು. ಮೊದಲ ಬಾರಿ ಆಳಿದ ಸುಮಾರು ಮೂರು ವರ್ಷಕ್ಕೆ ಅವರು ಉತ್ತರ ಹೇಳಬೇಕು. ಎರಡನೆಯ ಬಾರಿಯ ಸರ್ಕಾರ ಉಳಿದದ್ದು ಹತ್ತು ತಿಂಗಳು ಹತ್ತು ದಿನ, ಮಂಡಿಸಿದ್ದು ಒಂದೇ ವಾರ್ಷಿಕ ಬಜೆಟ್. ಪಾಟೀಲರು 1997ರ ಮಾರ್ಚ್ 14ರಂದು ನಿಧನರಾದರು.