ಅವ್ಯಕ್ತ ಗಣಿತವೂ ಕೊಪ್ಪಳ ಸೀಮೆಯ ಶಾಲೆಗಳೂ

ಕನ್ನಡ ಶಾಲೆಗಳ ಗಣಿತ ಪುಸ್ತಕದಲ್ಲಿ ಬೀಜೋಕ್ತಿಗಳ ಪ್ರಕರಣವನ್ನು ತೆರೆದೊಡನೆ ‘ಸಜಾತಿ ಪದ’, ‘ವಿಜಾತಿ ಪದ’ ಎಂಬ ಎರಡು ಪಾರಿಭಾಷಿಕ ಶಬ್ದಗಳು ಎದುರಾಗುತ್ತವೆ. ಸಜಾತಿ ಪದಗಳನ್ನು ಕೂಡಬಹುದು, ಕಳೆಯಬಹುದು. ವಿಜಾತಿ ಪದಗಳನ್ನು ಬೇರೆಬೇರೆಯಾಗಿಯೇ ಉಳಿಸಬೇಕು. ಬೀಜೋಕ್ತಿಯನ್ನು ಸಂಕ್ಷೇಪಿಸುವುದೆಂದರೆ ಮುಖ್ಯವಾಗಿ ಇಷ್ಟೆ. ವಿದ್ಯಾರ್ಥಿಯು ಇದನ್ನು ಕಟ್ಟಳೆಯೆಂದು ಬಾಯಿಪಾಠ ಮಾಡುತ್ತಾನೆ. ಈ ಶಬ್ದಗಳೂ ಈ ನಿಯಮವೂ ಇಂಗ್ಲಿಷಿನಿಂದ ಭಾಷಾಂತರವಾಗಿ ಬಂದವೆಂಬ ಭಾವನೆ ಅಧ್ಯಾಪಕರಲ್ಲಿಯೂ ಸಾಮಾನ್ಯವಾಗಿದೆ. ಇಂದಿನ ಶಬ್ದರೂಪವನ್ನು ಟಂಕಿಸಿದವರು ಯಾರೇ ಆಗಿರಲಿ, ಅವ್ಯಕ್ತ ರಾಶಿಗಳಿಗೆ ‘ಜಾತಿ’ಯುಂಟೆಂಬ ಕಲ್ಪನೆಯು ನಮ್ಮ ದೇಶದ ಬೀಜಗಣಿತದಲ್ಲಿ ಸಾವಿರ ವರ್ಷಗಳಿಗೂ ಹಿಂದಿನದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಈ ಸಂಗತಿಯನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ಸೀಮೆಯನ್ನು ಆರಿಸಿಕೊಂಡುದಕ್ಕೆ ಕಾರಣವಿದೆ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಕವಿರಾಜಮಾರ್ಗವು ಕನ್ನಡದ ತಿರುಳನಾಡನ್ನು ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದಗಳೊಡನೆ ಕೊಪಣನಗರವನ್ನೂ ಹೆಸರಿಸುತ್ತದೆ. ಆ ಕೊಪಣವೇ ಇಂದಿನ ಕೊಪ್ಪಳ. ಜೈನರಿಗೆ ಅದು ಮಹಾತೀರ್ಥವಾಗಿದ್ದಿತು. ಅದೇ ಅಮೋಘವರ್ಷನನ್ನು ಸ್ತುತಿಸಿ ಜೈನ ಪಂಡಿತನಾದ ಮಹಾವೀರಾಚಾರ್ಯನು ಕ್ರಿ. ಶ. 850ರ ಸುಮಾರಿಗೆ ಗಣಿತಸಾರಸಂಗ್ರಹವನ್ನು ಸಂಸ್ಕೃತದಲ್ಲಿ ರಚಿಸಿದನು. ಭಾಷೆಯ ಲಕ್ಷಣವನ್ನೂ ಲೆಕ್ಕದ ಲಕ್ಷಣವನ್ನೂ ಒಂದೇ ರಾಜನ ಆಶ್ರಯವು ಪೋಷಿಸಿತು. ಆದರೆ ಮಹಾವೀರನನ್ನು ಇದರಿಂದಲೇ ಕೊಪಣದವನೆಂದು ಕರೆಯುವುದು ಅಭಿಮಾನದ ಮಾತಾದೀತೇ ಹೊರತು ಇತಿಹಾಸವಾಗದು.

ಮಹಾವೀರನ ಗ್ರಂಥದಲ್ಲಿ ಅವ್ಯಕ್ತ ರಾಶಿಯು ಕಥೆಯ ರೂಪದಲ್ಲಿ ಬರುತ್ತದೆ. ಒಂದು ಹಿಂಡಿನ ಇಷ್ಟು ಅಂಶ ಒಂದೆಡೆ ಹೋಯಿತು, ಉಳಿದುದರ ಇಷ್ಟು ಅಂಶ ಇನ್ನೊಂದೆಡೆ, ಕೊನೆಗೆ ಕಂಡವು ಇಷ್ಟು, ಹಿಂಡು ಎಷ್ಟು? ಇಂತಹ ಲೆಕ್ಕಗಳನ್ನು ಜಾತಿಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಸೂತ್ರವನ್ನು ಆತನು ಕೊಡುತ್ತಾನೆ. ಈ ಗ್ರಂಥವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಿಂದ ಪ್ರಕಟಿಸಿದರು. ಅವರಿಗೆ ದೊರೆತ ಪ್ರತಿಗಳಲ್ಲಿ ಕನ್ನಡ ಲಿಪಿಯವೂ ಇದ್ದವು; ಶ್ಲೋಕವು ಸಂಸ್ಕೃತದಲ್ಲಿದ್ದರೂ ಲೆಕ್ಕದ ಅಂಕಗಳನ್ನೂ ಉತ್ತರವನ್ನೂ ಕನ್ನಡದಲ್ಲಿ ಟಿಪ್ಪಣಿಸಿದ ಪ್ರತಿಯೂ ಇದ್ದಿತು. ಅಂತಹ ಟಿಪ್ಪಣಿ ಪಂಡಿತನಿಗೆ ಬೇಕಾದುದಲ್ಲ, ಓದಿಸುವವನಿಗೆ ಬೇಕಾದುದು. ಹನ್ನೆರಡನೆಯ ಶತಮಾನದ ರಾಜಾದಿತ್ಯನು ಮುಂದೆ ಕನ್ನಡದಲ್ಲಿಯೇ ವ್ಯವಹಾರಗಣಿತ, ಕ್ಷೇತ್ರಗಣಿತ ಮೊದಲಾದವನ್ನು ಬರೆದನು.

ಆದರೂ ಬೀಜೋಕ್ತಿಯನ್ನು ಬರೆದು ತೋರಿಸುವ ಪದ್ಧತಿಯನ್ನು ಕಾಣಲು ನಾವು ಭಾಸ್ಕರಾಚಾರ್ಯನ ಬಳಿಗೆ ಹೋಗಬೇಕು. 1114ರಲ್ಲಿ ಹುಟ್ಟಿದ ಈತನು 1150ರಲ್ಲಿ ಸಿದ್ಧಾಂತಶಿರೋಮಣಿಯನ್ನು ಮುಗಿಸಿದನು. ಬೀಜಗಣಿತವು ಅದರ ಒಂದು ಭಾಗವೆಂದು ಪರಿಗಣಿತವಾಗಿದೆ. ಆತನ ಊರಾದ ವಿಜ್ಜಡವಿಡವು ಬಿಜಾಪುರವೇ ಅಥವಾ ಖಾನದೇಶದ ಪಾಟಣದ ಆಸುಪಾಸಿನದೇ ಎಂಬ ಚರ್ಚೆ ಹಳೆಯದು. ಅದು ಇರಲಿ. ಗೊತ್ತಿಲ್ಲದ ರಾಶಿಗೆ ಆತನು ಇಡುವ ಹೆಸರು ‘ಯಾವತ್ತಾವತ್’, ಎಂದರೆ ‘ಎಷ್ಟೋ ಅಷ್ಟು’. ಎರಡನೆಯದು, ಮೂರನೆಯದು ಬಂದರೆ ಕಾಲಕ, ನೀಲಕ, ಪೀತಕ ಎಂಬ ಬಣ್ಣಗಳು. ಬರೆಯುವಾಗ ಮೊದಲ ಅಕ್ಷರ ಮಾತ್ರ: ಯಾ, ಕಾ, ನೀ, ಪೀ. ಗೊತ್ತಿರುವ ಸಂಖ್ಯೆಗೆ ‘ರೂಪ’, ಎಂದರೆ ರೂ. ವರ್ಗಕ್ಕೆ ವ, ಘನಕ್ಕೆ ಘ. ಎರಡು ಭಿನ್ನ ಅವ್ಯಕ್ತಗಳನ್ನು ಗುಣಿಸಿದರೆ ಬರುವುದು ‘ಭಾವಿತ’. ಋಣರಾಶಿಯ ಅಂಕದ ಮೇಲೆ ಒಂದು ಚುಕ್ಕಿ. ಬಣ್ಣಗಳ ಈ ಸಂಪ್ರದಾಯವು 628ರ ಬ್ರಹ್ಮಗುಪ್ತನಲ್ಲಿಯೇ ಇದೆ. 499ರ ಆರ್ಯಭಟನು ಅವ್ಯಕ್ತವನ್ನು ‘ಗುಲಿಕಾ’ ಎಂದು ಕರೆದನು. ಯೂರೋಪಿನಲ್ಲಿ ವಿಯೆಟನು ರಾಶಿಗಳಿಗೆ ಅಕ್ಷರಗಳನ್ನು ಕ್ರಮವಾಗಿ ಬಳಸಿದುದು 1591ರಲ್ಲಿ. ನಾವೀಗ ಬಳಸುವ ಎಕ್ಸ್, ವೈ, ಜೆಡ್‌ಗಳು ಡೆಕಾರ್ಟನ 1637ರ ಗ್ರಂಥದಿಂದ ರೂಢಿಗೆ ಬಂದವು.

ಸಂಕಲನದ ನಿಯಮವನ್ನು ಭಾಸ್ಕರನು ಸ್ಪಷ್ಟವಾಗಿ ಹೇಳಿದ್ದಾನೆ: ಕೂಡುವುದೂ ಕಳೆಯುವುದೂ ಸಮಾನ ಜಾತಿಯವುಗಳಲ್ಲಿ, ಭಿನ್ನ ಜಾತಿಯವು ಪ್ರತ್ಯೇಕವಾಗಿ ನಿಲ್ಲತಕ್ಕವು. ಯಾ ಒಂದು ಜಾತಿ, ಯಾ-ವರ್ಗ ಇನ್ನೊಂದು, ಕಾ ಮತ್ತೊಂದು, ರೂ ಮಗುದೊಂದು. ಸಮೀಕರಣದ ಎರಡು ಪಕ್ಷಗಳನ್ನು ಒಂದರ ಕೆಳಗೊಂದು ಬರೆದು, ಇಲ್ಲದ ಪದಕ್ಕೆ ಸೊನ್ನೆಯನ್ನಿಡುವುದು ವಾಡಿಕೆ. ಆದುದರಿಂದ ಸಜಾತಿ ಪದಗಳು ಒಂದೇ ಕಂಬಸಾಲಿನಲ್ಲಿ ನಿಲ್ಲುತ್ತವೆ, ಸಂಕ್ಷೇಪಣವು ಕಣ್ಣಿಗೆ ತಾನಾಗಿಯೇ ಕಾಣುತ್ತದೆ. ಒಂದೇ ಸಾಲಿನಲ್ಲಿ ಪದಗಳನ್ನು ಚೆಲ್ಲಿ ಹುಡುಕಿಸುವ ಇಂದಿನ ಅಭ್ಯಾಸಗಳಿಗಿಂತ ಹೊಸಬನಿಗೆ ಇದು ಸುಗಮವೆಂದೇ ನಮ್ಮ ಅಭಿಪ್ರಾಯ.

ಆತನದೇ ಒಂದು ಲೆಕ್ಕವನ್ನು ನೋಡೋಣ. ಒಬ್ಬನಲ್ಲಿ 300 ರೂಪ, 6 ಕುದುರೆ. ಇನ್ನೊಬ್ಬನಲ್ಲಿ 10 ಕುದುರೆ, 100 ರೂಪ ಸಾಲ. ಕುದುರೆಗಳೆಲ್ಲ ಒಂದೇ ಬೆಲೆಯವು. ಇಬ್ಬರೂ ಸಮಾನ ಧನಿಕರು. ಹಾಗಾದರೆ ಕುದುರೆಯ ಬೆಲೆಯೇನು? ಮೊದಲ ಪಕ್ಷ: ಯಾ 6 ರೂ 300. ಎರಡನೆಯದು: ಯಾ 10, ಚುಕ್ಕಿಯಿಟ್ಟ ರೂ 100. ಜಾತಿಯಲ್ಲಿ ಜಾತಿಯನ್ನು ಕಳೆದರೆ ಯಾ 4ಕ್ಕೆ ರೂ 400 ಸಮ. ಕುದುರೆಯ ಬೆಲೆ 100, ಪ್ರತಿಯೊಬ್ಬನ ಧನ 900. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ‘ಯಾ’ ಎಂಬುದು ಕುದುರೆಯಲ್ಲ, ಕುದುರೆಯ ಬೆಲೆ. ಅದು ವಸ್ತುವಿನ ಹೆಸರಲ್ಲ, ಸಂಖ್ಯೆಯ ಹೆಸರು. ‘ಎಷ್ಟೋ ಅಷ್ಟು’ ಎಂಬ ಮಾತಿನ ಅರ್ಥದಲ್ಲಿಯೇ ಈ ಎಚ್ಚರವು ಅಡಗಿದೆ. ಎಕ್ಸ್ ಎಂಬ ಮೂಕಾಕ್ಷರದಲ್ಲಿ ಅದಿಲ್ಲ.

ಈ ಪರಂಪರೆಯು ನಮ್ಮ ಸೀಮೆಯ ಶಾಲೆಗಳಿಗೆ ನೇರವಾಗಿ ಇಳಿದು ಬರಲಿಲ್ಲ. ಗಂಗಾವತಿ, ಕುಷ್ಟಗಿಗಳು ನಿಜಾಮ ಸರ್ಕಾರದ ರಾಯಚೂರು ಜಿಲ್ಲೆಯ ತಾಲ್ಲೂಕುಗಳು. ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗರ ಜಾಗೀರು. ನೆರೆಯ ಧಾರವಾಡ ಜಿಲ್ಲೆಯಲ್ಲಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿಯೇ ಕನ್ನಡ ಶಾಲೆಗಳು ಬೇರೂರಿದ್ದರೆ, ಇಲ್ಲಿ ಮೇಲಿನ ತರಗತಿಗಳ ಭಾಷೆ ಉರ್ದು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಉರ್ದುವನ್ನೇ ಮಾಧ್ಯಮವನ್ನಾಗಿಟ್ಟುಕೊಂಡು ಹುಟ್ಟಿತು. ಅದರ ಭಾಷಾಂತರ ಶಾಖೆಯು ಶಾಸ್ತ್ರಗ್ರಂಥಗಳನ್ನೂ ಪಾರಿಭಾಷಿಕ ಶಬ್ದಗಳನ್ನೂ ಸಿದ್ಧಪಡಿಸಿತು. ಬೀಜಗಣಿತಕ್ಕೆ ಉರ್ದುವಿನಲ್ಲಿ ‘ಜಬ್ರ್ ಒ ಮುಕಾಬಲಾ’ ಎಂದು ಹೆಸರು. ಇದು ಬಾಗದಾದಿನ ಅಲ್ ಖ್ವಾರಿಜ್ಮಿಯ ಗ್ರಂಥದ ಹೆಸರಿನಿಂದ ಬಂದುದು. ಆತನೂ ಒಂಬತ್ತನೆಯ ಶತಮಾನದವನೇ, ನೃಪತುಂಗನ ಹಿರಿಯ ಸಮಕಾಲೀನ. ಆತನು ಲೆಕ್ಕವನ್ನು ಸಂಕೇತಾಕ್ಷರಗಳಿಲ್ಲದೆ ಪೂರ್ಣವಾಕ್ಯಗಳಲ್ಲಿ ಬರೆದನು. ಕಳೆದ ಪದವನ್ನು ಮರಳಿ ಸೇರಿಸುವುದು ಜಬ್ರ್. ಎರಡು ಪಕ್ಷಗಳ ಸಜಾತಿ ಪದಗಳನ್ನು ಎದುರುಬದುರಿಟ್ಟು ಕಳೆಯುವುದು ಮುಕಾಬಲಾ. ಆದುದರಿಂದ ಆ ತಲೆಮಾರಿನವರು ಕಲಿತುದು ಅನ್ಯಶಾಸ್ತ್ರವಲ್ಲ. ಆದರೆ ಮನೆಯಲ್ಲಿ ಕನ್ನಡ, ಲೆಕ್ಕದ ಪಾಠದಲ್ಲಿ ಉರ್ದು ಎಂಬ ಹೊರೆ ಹಳ್ಳಿಯ ಹುಡುಗನ ಮೇಲೆ ಬಿದ್ದಿತು. 1948ರ ಸೆಪ್ಟೆಂಬರಿನ ತರುವಾಯ, ವಿಶೇಷವಾಗಿ 1956ರ ಏಕೀಕರಣದ ತರುವಾಯ, ಅದು ಕಳಚಿತು. ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳವು ಪ್ರತ್ಯೇಕ ಜಿಲ್ಲೆಯಾದುದು 1997ರಲ್ಲಿ.

ಭಾಷೆಯ ಹೊರೆ ಕಳಚಿದರೂ ಇನ್ನೊಂದು ತೊಡಕು ಉಳಿದಿದೆ. ವಿಜಾತಿ ಪದಗಳನ್ನು ವಿವರಿಸಲು ಅಧ್ಯಾಪಕರು ಸಾಮಾನ್ಯವಾಗಿ, ‘ಮೂರು ಜೋಳ, ಎರಡು ಭತ್ತ ಕೂಡಿದರೆ ಐದು ಏನಾಗುತ್ತದೆ?’ ಎಂದು ಕೇಳುತ್ತಾರೆ. ಕೂಡಲಾಗದೆಂಬುದು ಹುಡುಗನಿಗೆ ಒಡನೆಯೇ ಹೊಳೆಯುತ್ತದೆ, ನಿಜ. ಆದರೆ ಅಕ್ಷರವು ಜೋಳವೇ ಆಗಿಬಿಟ್ಟರೆ, ಜೋಳವನ್ನು ಭತ್ತದಿಂದ ಗುಣಿಸುವುದೆಂದರೇನು? ಜೋಳದ ವರ್ಗವೆಂದರೇನು? ಆ ದೃಷ್ಟಾಂತವು ಮುಂದಿನ ವಾರದ ಪಾಠಕ್ಕೇ ಅಡ್ಡಿಯಾಗುತ್ತದೆ. ಕುದುರೆಯ ಲೆಕ್ಕದ ಮಾದರಿಯಲ್ಲಿ ಹೀಗೆ ಹೇಳಬಹುದು: ಕುಷ್ಟಗಿಯ ಮಳೆಯಾಶ್ರಿತ ಹೊಲದ ಜೋಳದ ಚೀಲವೊಂದರ ಬೆಲೆ ಯಾ, ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡ ಗಂಗಾವತಿಯ ಭತ್ತದ ಚೀಲವೊಂದರ ಬೆಲೆ ಕಾ. ಒಬ್ಬ ವ್ಯಾಪಾರಿ ಒಂದು ಸಂತೆಯಲ್ಲಿ ಮೂರು ಚೀಲ ಜೋಳ, ಎರಡು ಚೀಲ ಭತ್ತ ಮಾರಿದನು. ಅದೇ ದರದ ಮುಂದಿನ ಸಂತೆಯಲ್ಲಿ ನಾಲ್ಕು ಚೀಲ ಜೋಳ, ಒಂದು ಚೀಲ ಭತ್ತ ಮಾರಿ, ಬಂಡಿಯ ಬಾಡಿಗೆಗೆ 500 ರೂಪಾಯಿ ಕೊಟ್ಟನು. ಉಳಿದ ಹಣ: ಯಾ 7 ಕಾ 3, ಚುಕ್ಕಿಯಿಟ್ಟ ರೂ 500. ದರ ತಿಳಿದ ದಿನ ಇದೇ ಒಂದು ಸಂಖ್ಯೆಯಾಗುತ್ತದೆ. ತಿಳಿಯುವವರೆಗೆ ಇದಕ್ಕಿಂತ ಕಿರಿದು ಮಾಡಲಾಗದು. 7ನ್ನೂ 3ನ್ನೂ ಕೂಡಿ ‘10 ಯಾಕಾ’ ಎಂದು ಬರೆದ ವಿದ್ಯಾರ್ಥಿಗೆ, ಯಾಕಾ ಎಂಬುದು ಎರಡು ಬೆಲೆಗಳ ಗುಣಲಬ್ಧವಾದ ಭಾವಿತವೆಂದೂ, ಅದು ಯಾ, ಕಾ ಎರಡಕ್ಕೂ ಸೇರದ ಬೇರೊಂದು ಜಾತಿಯೆಂದೂ, ಆ ವ್ಯಾಪಾರಿಯ ಕೈಚೀಲದಲ್ಲಿ ಅದಕ್ಕೆ ಸ್ಥಾನವಿಲ್ಲವೆಂದೂ ಅಲ್ಲಿಯೇ ತೋರಿಸಿಕೊಡಬಹುದು.