ಸಾಕ್ರೆಟೀಸನ ಸೆರೆಮನೆ ಮತ್ತು ನೀತಿಶಾಸ್ತ್ರ

ನೀತಿ ಎಂದೊಡನೆ ನಮ್ಮಲ್ಲಿ ಹಲವರಿಗೆ ನೆನಪಾಗುವುದು ಬಾಲ್ಯದಲ್ಲಿ ಬಾಯಿಪಾಠ ಮಾಡಿದ ಶತಕದ ಪದ್ಯಗಳು, ಪಂಚತಂತ್ರದ ಕತೆಗಳು. ಸುಳ್ಳಾಡಬೇಡ, ಪರರ ಸೊತ್ತಿಗೆ ಆಸೆಪಡಬೇಡ ಎಂದು ಅವು ಬೋಧಿಸುತ್ತವೆ. ಬೋಧೆ ಸರಿಯೇ. ಆದರೆ ಸುಳ್ಳನ್ನು ಏಕೆ ಆಡಬಾರದು, ಪ್ರಾಣ ಹೋಗುವ ಸಂದರ್ಭದಲ್ಲಿಯೂ ಆಡಬಾರದೇ ಎಂದು ಯಾರಾದರೂ ಕೇಳಿದರೆ, ಅಲ್ಲಿಗೆ ಬೋಧೆಯ ಕೆಲಸ ಮುಗಿದು ಶಾಸ್ತ್ರದ ಕೆಲಸ ಮೊದಲಾಗುತ್ತದೆ. ತತ್ತ್ವಶಾಸ್ತ್ರದ ಒಂದು ಶಾಖೆ ಇರುವುದೇನೆಂದು ವಿಚಾರಿಸುತ್ತದೆ. ಇನ್ನೊಂದು, ಇರುವುದನ್ನು ನಾವು ಅರಿಯುವುದು ಹೇಗೆಂದು. ಬಾಳಬೇಕಾದುದು ಹೇಗೆ, ಹಾಗೆಯೇ ಏಕೆ ಎಂದು ವಿಚಾರಿಸುವ ಶಾಖೆಯೇ ನೀತಿಶಾಸ್ತ್ರ.

ಗ್ರೀಸಿನಲ್ಲಿ ಈ ವಿಚಾರಕ್ಕೆ ತತ್ತ್ವಶಾಸ್ತ್ರದ ನಡುಮನೆಯಲ್ಲಿ ಮಣೆ ಹಾಕಿದವನು ಸಾಕ್ರೆಟೀಸ್. ಅವನಿಗೆ ಮುಂಚಿನ ಚಿಂತಕರಲ್ಲಿ ಬಹುಮಂದಿಯ ದೃಷ್ಟಿ ಪ್ರಕೃತಿಯ ಮೇಲಿತ್ತು. ಜಗತ್ತಿನ ಮೂಲದ್ರವ್ಯ ನೀರೆಂದು ಥೇಲೀಸನು ಹೇಳಿದನು, ಹೆರಾಕ್ಲೈಟಸನು ಬೆಂಕಿಯೆಂದನು. ಶಿಲ್ಪಿಯ ಮಗನಾದ ಸಾಕ್ರೆಟೀಸನಾದರೋ ಆಥೆನ್ಸಿನ ಪೇಟೆಯಲ್ಲಿ ನಿಂತು, ಧೈರ್ಯವೆಂದರೇನು, ನ್ಯಾಯವೆಂದರೇನು ಎಂದು ಕಂಡವರನ್ನೆಲ್ಲ ಕೇಳತೊಡಗಿದನು. ಉತ್ತರ ಬಲ್ಲೆವೆಂದು ಬಂದವರು, ಬಲ್ಲೆವೆಂಬುದು ಭ್ರಮೆಯೆಂದು ಕಲಿತು ಹಿಂದಿರುಗಿದರು. ಇಂತಹ ಉಪಕಾರವನ್ನು ಜನ ಸುಲಭವಾಗಿ ಮನ್ನಿಸುವುದಿಲ್ಲ.

ಕ್ರಿ. ಪೂ. 404ರಲ್ಲಿ ಆಥೆನ್ಸ್ ಸ್ಪಾರ್ಟಾದೆದುರು ಸೋತಿತು. ಮೂವತ್ತು ಮಂದಿಯ ಕ್ರೂರ ಆಡಳಿತವೊಂದು ಬಂದು, ಮರುವರ್ಷ ಉರುಳಿ, ಪ್ರಜಾಪ್ರಭುತ್ವ ಮರಳಿತು. ಆ ಮೂವತ್ತರಲ್ಲಿ ಪ್ರಮುಖನಾದ ಕ್ರಿಟಿಯಸನು ಹಿಂದೆ ಸಾಕ್ರೆಟೀಸನ ಒಡನಾಡಿಯಾಗಿದ್ದವನು. ನೊಂದ ನಗರಕ್ಕೆ ಸಂಶಯ ಹೆಚ್ಚು. ಕ್ರಿ. ಪೂ. 399ರಲ್ಲಿ, ನಗರದ ದೇವತೆಗಳನ್ನು ಮನ್ನಿಸನು, ತರುಣರನ್ನು ಕೆಡಿಸುವನು ಎಂಬ ಆರೋಪ ಅವನ ಮೇಲೆ ಬಂದಿತು. ಸುಮಾರು 500 ಮಂದಿ ಪೌರರ ನ್ಯಾಯಮಂಡಲಿ ಅವನನ್ನು ಅಪರಾಧಿಯೆಂದಿತು. ಮೂವತ್ತು ಮತಗಳು ಆಚೆಯಿಂದ ಈಚೆಗೆ ಬಂದಿದ್ದರೆ ಬಿಡುಗಡೆಯಾಗುತ್ತಿತ್ತೆಂದು ಅವನ ಶಿಷ್ಯ ಪ್ಲೇಟೋ ಬರೆದಿದ್ದಾನೆ. ಎಪ್ಪತ್ತರ ಮುದುಕನಿಗೆ ಮರಣದಂಡನೆಯಾಯಿತು.

ಡೇಲಾಸ್ ದ್ವೀಪಕ್ಕೆ ಪೂಜೆಗೆಂದು ಹೋದ ಹಡಗು ಹಿಂದಿರುಗುವವರೆಗೆ ನಗರದಲ್ಲಿ ಯಾರನ್ನೂ ಕೊಲ್ಲುವಂತಿರಲಿಲ್ಲ. ಆ ಬಿಡುವಿನ ಕೊನೆಗೆ, ಒಂದು ದಿನ ಬೆಳಗಾಗುವ ಮೊದಲೇ, ಹಳೆಯ ಗೆಳೆಯ ಕ್ರಿಟೊ ಸೆರೆಮನೆಗೆ ಬಂದನು. ಹಣ ಸಿದ್ಧವಾಗಿದೆ, ಥೆಸಲಿಯಲ್ಲಿ ಆಶ್ರಯ ಕೊಡುವವರಿದ್ದಾರೆ, ನೀನು ಸತ್ತರೆ ಮೂವರು ಮಕ್ಕಳು ತಬ್ಬಲಿಗಳಾಗುತ್ತಾರೆ, ದುಡ್ಡಿಗೆ ಹಿಂದೆಗೆದು ಗೆಳೆಯನನ್ನು ಸಾಯಗೊಟ್ಟರೆಂದು ಲೋಕ ನಮ್ಮನ್ನು ಆಡಿಕೊಳ್ಳುತ್ತದೆ, ಓಡಿಹೋಗೋಣ ಬಾ ಎಂದನು.

ಸಾಕ್ರೆಟೀಸನು ಆ ಹೊತ್ತಿನಲ್ಲಿಯೂ ಚರ್ಚೆಯನ್ನೇ ಆರಿಸಿಕೊಂಡನು. ದೇಹದ ವಿಷಯದಲ್ಲಿ ವೈದ್ಯನ ಮಾತನ್ನು ಕೇಳುತ್ತೇವೆಯೇ ಹೊರತು ಹತ್ತು ಜನರ ಮಾತನ್ನಲ್ಲ. ನ್ಯಾಯದ ವಿಷಯದಲ್ಲಿ ಮಾತ್ರ ಲೋಕಾಪವಾದಕ್ಕೆ ಅಂಜುವುದೇಕೆ? ಅನ್ಯಾಯಕ್ಕೆ ಪ್ರತಿಯಾಗಿಯೂ ಅನ್ಯಾಯ ಸಲ್ಲದು. ಎಪ್ಪತ್ತು ವರ್ಷ ಈ ನಗರದ ಕಾನೂನುಗಳ ನೆರಳಿನಲ್ಲಿ ಬೆಳೆದೆ. ಒಗ್ಗದಿದ್ದರೆ ಎಂದೋ ಹೊರಡಬಹುದಾಗಿತ್ತು, ಹೊರಡಲಿಲ್ಲ. ಈಗ ತೀರ್ಪು ಕಹಿಯಾಯಿತೆಂದು ಮಾತು ಮುರಿಯಲೇ? ತನಗೆ ಅನ್ಯಾಯ ಮಾಡಿದವರು ಮನುಷ್ಯರು, ಕಾನೂನುಗಳಲ್ಲ. ಇದು ಅವನ ವಾದದ ಸಾರ. ಕ್ರಿಟೊ ನಿರುತ್ತರನಾದನು.

ಮುಂದಿನ ನೀತಿಶಾಸ್ತ್ರ ಹಿಡಿದ ಹಾದಿಗಳ ಬೀಜ ಆ ಕೋಣೆಯಲ್ಲಿತ್ತು. ಮಕ್ಕಳ ಗತಿಯೇನೆಂದು ಕ್ರಿಟೊ ಕೇಳಿದ್ದು ಫಲದ ಮಾತು. ಕೃತ್ಯದ ಯೋಗ್ಯತೆಯನ್ನು ಅದರಿಂದಾಗುವ ಸುಖದುಃಖಗಳಿಂದಲೇ ಅಳೆಯಬೇಕೆಂದು ಇಂಗ್ಲೆಂಡಿನ ಮಿಲ್ 1863ರ ತನ್ನ ಗ್ರಂಥದಲ್ಲಿ ವಾದಿಸಿದನು. ಫಲವೇನೇ ಆಗಲಿ ಸಲ್ಲದ್ದು ಸಲ್ಲದೆಂಬ ಸಾಕ್ರೆಟೀಸನ ಮಾತಿನ ಪಕ್ಕದಲ್ಲಿ ನಿಲ್ಲುವವನು ಜರ್ಮನಿಯ ಕಾಂಟ್. ಕರ್ತವ್ಯವನ್ನು ಕುರಿತ ಅವನ ಗ್ರಂಥ ಹೊರಬಂದದ್ದು 1785ರಲ್ಲಿ. ಈ ಇಬ್ಬರಿಗಿಂತ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ, ಪ್ಲೇಟೋವಿನ ಶಿಷ್ಯ ಅರಿಸ್ಟಾಟಲನು ಈ ಶಾಸ್ತ್ರಕ್ಕೆ ಕ್ರಮಬದ್ಧ ರೂಪ ಕೊಟ್ಟು, ಶೀಲವೆಂಬುದು ಅಭ್ಯಾಸದಿಂದ ಕೂಡಿಬರುವ ಗುಣವೆಂದಿದ್ದನು.

ಆದರೆ ಒಂದು ತೊಡಕು ಉಳಿಯುತ್ತದೆ. ತತ್ತ್ವವಿಚಾರವನ್ನು ಬಿಟ್ಟರೆ ಬಿಡುಗಡೆಯೆಂದು ಹೇಳಿದರೂ ಬಿಡಲಾರೆನೆಂದು ನ್ಯಾಯಾಲಯದಲ್ಲಿ ಸಾರಿದವನು ಇದೇ ಸಾಕ್ರೆಟೀಸ್. ಸಾಲಮಿಸಿನ ಲಿಯೋನ್ ಎಂಬವನನ್ನು ಕೊಲ್ಲಲು ಹಿಡಿದು ತನ್ನಿರೆಂದು ಆ ಮೂವತ್ತು ಮಂದಿ ಐವರಿಗೆ ಅಪ್ಪಣೆ ಮಾಡಿದಾಗ, ನಾಲ್ವರು ಹೋದರು; ಸಾಕ್ರೆಟೀಸನು ನೆಟ್ಟಗೆ ಮನೆಗೆ ನಡೆದನು. ಅಂದು ಅಪ್ಪಣೆ ಮೀರಿದವನು ಇಂದು ತೀರ್ಪಿಗೆ ತಲೆಬಾಗುವುದು ಹೇಗೆ? ಸಮಾಧಾನ ಹೀಗಿರಬಹುದು: ಅನ್ಯಾಯವನ್ನು ಮಾಡೆಂದರೆ ಮಾಡಕೂಡದು, ಅನುಭವಿಸೆಂದರೆ ಕದ್ದು ಓಡಕೂಡದು. ಆದರೂ ಊರು ಬಿಟ್ಟುಹೋಗುವ ಸ್ವಾತಂತ್ರ್ಯವೇ ಇಲ್ಲದ ಆಥೆನ್ಸಿನ ಗುಲಾಮನು ಆ ಕಾನೂನಿಗೆ ಎಂದು ಮಾತು ಕೊಟ್ಟಿದ್ದನು? ಈ ಪ್ರಶ್ನೆಗೆ ಸೆರೆಮನೆಯ ವಾದದಲ್ಲಿ ಉತ್ತರವಿಲ್ಲ.

ಹಾಗೆ ಮಾತು ಕೊಡದ ಕಾನೂನಿನ ಕೆಳಗೆ ಬಾಳಿದ ನಮ್ಮವರೊಬ್ಬರು ಈ ಕತೆಯನ್ನು ಕೈಗೆತ್ತಿಕೊಂಡರು. 1908ರಲ್ಲಿ ದಕ್ಷಿಣ ಆಫ್ರಿಕದಲ್ಲಿದ್ದ ಗಾಂಧೀಜಿ ಸಾಕ್ರೆಟೀಸನ ನ್ಯಾಯಾಲಯದ ಭಾಷಣವನ್ನು ಸಂಗ್ರಹಿಸಿ, ಸತ್ಯವೀರನೊಬ್ಬನ ಕತೆಯೆಂದು ತಮ್ಮ 'ಇಂಡಿಯನ್ ಒಪಿನಿಯನ್' ಪತ್ರಿಕೆಯಲ್ಲಿ ಗುಜರಾತಿಯಲ್ಲಿ ಪ್ರಕಟಿಸಿದರು. 1910ರಲ್ಲಿ ಮುಂಬಯಿ ಸರ್ಕಾರ 'ಹಿಂದ್ ಸ್ವರಾಜ್'ನೊಡನೆ ಆ ಪುಸ್ತಿಕೆಯನ್ನೂ ನಿಷೇಧಿಸಿತು. ಸತ್ತು ಇಪ್ಪತ್ತಮೂರು ಶತಮಾನಗಳಾದ ಮುದುಕನಿಗೆ ಸಾಮ್ರಾಜ್ಯವೊಂದು ಅಂಜಿತು! 1922ರಲ್ಲಿ ಅಹಮದಾಬಾದಿನ ನ್ಯಾಯಾಲಯದಲ್ಲಿ ಗಾಂಧೀಜಿ ತಪ್ಪನ್ನು ಒಪ್ಪಿ, ಕಾನೂನು ಸರಿಯೆಂದು ತೋರಿದರೆ ಅತ್ಯಂತ ಕಠಿಣ ಶಿಕ್ಷೆಯನ್ನೇ ಕೊಡಿರೆಂದು ನ್ಯಾಯಾಧೀಶರನ್ನು ಕೇಳಿಕೊಂಡರು. ಆರು ವರ್ಷಗಳ ಸೆರೆಯಾಯಿತು. ಅನ್ಯಾಯದ ಕಾನೂನನ್ನು ಬಹಿರಂಗವಾಗಿ ಮೀರುವುದು, ಮೀರಿದುದರ ಶಿಕ್ಷೆಯನ್ನು ತಲೆಯೆತ್ತಿ ಸ್ವೀಕರಿಸುವುದು: ಸಾಕ್ರೆಟೀಸನ ಬಾಳಿನ ಎರಡು ತುದಿಗಳು ಅಲ್ಲಿ ಕೂಡಿಕೊಂಡವು.

ನೀತಿಶಾಸ್ತ್ರ ನಮಗೆ ಸಿದ್ಧ ಉತ್ತರಗಳ ಪಟ್ಟಿಯನ್ನು ಕೊಡುವುದಿಲ್ಲ. ಕ್ರಿಟೊ ಬಂದು ಬಾಗಿಲು ತೆರೆದಿದೆ ಎಂದಾಗ, ಹೊರಡುವ ಮೊದಲು ಒಂದು ಗಳಿಗೆ ಕುಳಿತು ವಿಚಾರ ಮಾಡುವ ಅಭ್ಯಾಸವನ್ನು ಕೊಡುತ್ತದೆ. ಅಂತಹ ಬಾಗಿಲುಗಳು ನಮ್ಮ ನಿಮ್ಮ ಮನೆ ಕಚೇರಿಗಳಲ್ಲಿಯೂ ದಿನಕ್ಕೊಮ್ಮೆಯಾದರೂ ತೆರೆಯುತ್ತವೆ.