ಅತ್ತಿಕುಪ್ಪೆ, ಹಿರೋಡೆ, ಕನ್ನಂಬಾಡಿ: ನಮ್ಮೂರ ಸುತ್ತ ನಿಧಾನಕ್ಕೆ ಒಂದು ಸುತ್ತು

ಮೊದಲೇ ಹೇಳಿಬಿಡುತ್ತೇನೆ, ನಾನು ಇತಿಹಾಸ ಓದಿದವನಲ್ಲ. ಓದಿದ್ದು ಎಂಜಿನಿಯರಿಂಗು, ಹೊಟ್ಟೆಪಾಡಿಗೆ ಮಾಡುವುದು ಸಾಫ್ಟ್‌ವೇರ್ ಕೆಲಸ. ಹೈಸ್ಕೂಲಿನಲ್ಲಿ ಹೊಯ್ಸಳರ ಪಾಠ ಅಂದರೆ ಐದು ಅಂಕದ ಪ್ರಶ್ನೆ, ಅಷ್ಟೆ. ಇಂಥವನು ಇತಿಹಾಸದ ಬಗ್ಗೆ ಬರೆಯಲು ಕೂತಿದ್ದು ಹೇಗೆ ಅಂದರೆ, ಅದಕ್ಕೆ ಕಾರಣ ಇಟಲಿ!

ಆಫೀಸಿನ ಕೆಲಸದ ಮೇಲೆ ಕೆಲವು ತಿಂಗಳು ಇಟಲಿಯಲ್ಲಿದ್ದೆ. ಮೊದಲ ಎರಡು ವೀಕೆಂಡು ಎಲ್ಲರ ಹಾಗೆ ರೋಮು, ವೆನಿಸ್ಸು ಅಂತ ಓಡಿ, ಫೋಟೋ ಹೊಡೆದು, ಕಾಲು ನೋಯಿಸಿಕೊಂಡು ಬಂದೆ. ಅಲ್ಲಿನ ಸಹೋದ್ಯೋಗಿಯೊಬ್ಬ ಇದನ್ನು ನೋಡಿ ನಕ್ಕು, ಮೂರನೆಯ ಶನಿವಾರ ತಾನೇ ಕಾರಿನಲ್ಲಿ ಕೂರಿಸಿಕೊಂಡು ಚಿವಿತಾ ಡಿ ಬಾನ್ಯೊರೆಜಿಯೊ ಅನ್ನುವ ಊರಿಗೆ ಕರೆದುಕೊಂಡು ಹೋದ. ಮಣ್ಣುಗುಡ್ಡದ ನೆತ್ತಿಯ ಮೇಲೆ ಒಂದು ಹಿಡಿ ಮನೆಗಳು. ಊರಿಗೆ ಹೋಗಲು ನಡೆದು ದಾಟುವ ಒಂದು ಸೇತುವೆ ಬಿಟ್ಟರೆ ಬೇರೆ ದಾರಿಯಿಲ್ಲ. ಎಟ್ರುಸ್ಕನ್ನರ ಕಾಲದ ಊರಂತೆ. 1695ರ ಭೂಕಂಪದ ನಂತರ ಜನ ಪಕ್ಕದ ಬಾನ್ಯೊರೆಜಿಯೊಗೆ ಗುಳೆ ಹೊರಟರು. ಗುಡ್ಡ ಈಗಲೂ ಅಂಚಿನಿಂದ ಸ್ವಲ್ಪ ಸ್ವಲ್ಪವೇ ಕುಸಿಯುತ್ತಿದೆ. ಸಂತ ಬೊನವೆಂತೂರನ ಮನೆಯಿದ್ದ ಜಾಗವೇ ಕುಸಿದು ಕಣಿವೆಗೆ ಬಿದ್ದು ಹೋಗಿದೆ. ಹಾಗಿದ್ದರೂ ಅಲ್ಲಿಗೆ ಜನ ಬರುತ್ತಾರೆ, ಕೂರುತ್ತಾರೆ, ಒಂದು ಕಾಫಿಗೆ ಒಂದು ಗಂಟೆ ತೆಗೆದುಕೊಳ್ಳುತ್ತಾರೆ. ಇಂಥ ಚಿಕ್ಕ ಊರುಗಳದ್ದೇ ಒಂದು ಸಂಘ 2001ರಲ್ಲಿ ಶುರುವಾಗಿದೆ, 'ಇಟಲಿಯ ಅತಿ ಸುಂದರ ಹಳ್ಳಿಗಳು' ಅಂತ ಅದರ ಹೆಸರು.

ವಾಪಸು ಬರುವಾಗ ಅವನು ಕೇಳಿದ: "ನಿನ್ನ ಊರು ಯಾವುದು? ಅಲ್ಲಿ ಏನಿದೆ?"

"ಕ್ಯಾತನಹಳ್ಳಿ" ಅಂದೆ. "ಏನೂ ಇಲ್ಲ. ಕಬ್ಬು, ಭತ್ತ, ಆಲೆಮನೆ. ಹತ್ತಿರದಲ್ಲಿ ಮೈಸೂರು ಅರಮನೆ ಇದೆ."

ಹೇಳಿದ ಮೇಲೆ ಯಾಕೋ ಸರಿ ಅನ್ನಿಸಲಿಲ್ಲ. ಪಾಂಡವಪುರ ತಾಲ್ಲೂಕಿನ ನಮ್ಮೂರಿನ ಹೆಸರು ಹೊರಗಿನವರಿಗೆ ಗೊತ್ತಿದ್ದರೆ ಅದು ರೈತ ಸಂಘದ ಕೆ.ಎಸ್. ಪುಟ್ಟಣ್ಣಯ್ಯನವರಿಂದ (2018ರಲ್ಲಿ ತೀರಿಕೊಂಡರು). ಅದನ್ನೂ ಹೇಳಲಿಲ್ಲ ನಾನು. ಕುಸಿದು ಬೀಳುತ್ತಿರುವ ಊರಿನವನಿಗೆ ತನ್ನೂರ ಬಗ್ಗೆ ಹೇಳಲು ಒಂದು ಗಂಟೆಯ ಮಾತಿದೆ, ಗಟ್ಟಿಯಾಗಿ ನಿಂತಿರುವ ಊರಿನವನಾದ ನನ್ನ ಬಳಿ ಒಂದು ವಾಕ್ಯವೂ ಇಲ್ಲ!

ಊರಿಗೆ ಬಂದ ಮೇಲೆ ಒಂದು ನಿಯಮ ಮಾಡಿಕೊಂಡೆ. ಅಪ್ಪನ ಬೈಕು, ತಿಂಗಳಿಗೆ ಎರಡು ಭಾನುವಾರ, ಒಂದು ದಿನಕ್ಕೆ ಹೆಚ್ಚೆಂದರೆ ಎರಡು ಊರು. ಮೂರನೆಯದು ಪಕ್ಕದಲ್ಲೇ ಇದ್ದರೂ ಹೋಗುವಂತಿಲ್ಲ. ಮೊಬೈಲಿನಲ್ಲಿ ಬಿ.ಎಲ್. ರೈಸ್ ಸಂಪಾದಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ'. ನಮ್ಮ ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಶಾಸನಗಳೆಲ್ಲ ಅದರ ನಾಲ್ಕನೆಯ ಸಂಪುಟದಲ್ಲಿವೆ, 1898ರಲ್ಲಿ ಅಚ್ಚಾಗಿದ್ದು. ಆಗ ಇವೆಲ್ಲ ಮೈಸೂರು ಜಿಲ್ಲೆಗೆ ಸೇರಿದ್ದವು. ಮಂಡ್ಯ ಅನ್ನುವ ಜಿಲ್ಲೆ ಹುಟ್ಟಿದ್ದೇ 1939ರಲ್ಲಿ.

ಮೊದಲು ಸಿಕ್ಕಿದ್ದು ಹೆಸರುಗಳ ತಮಾಷೆ. ನಮ್ಮ ತಾಲ್ಲೂಕು ಕೇಂದ್ರ ಪಾಂಡವಪುರದ ಹಳೆಯ ಹೆಸರು ಹಿರೋಡೆ. ಹೈದರಾಲಿ, ಟಿಪ್ಪು ಕೈಕೆಳಗಿದ್ದ ಫ್ರೆಂಚ್ ಸೈನಿಕರು ಇಲ್ಲಿನ ಬಂಡೆಗಳ ಬಳಿ ಬೀಡು ಬಿಟ್ಟಿದ್ದರಿಂದ ಇಂಗ್ಲಿಷರ ಬಾಯಲ್ಲಿ ಅದು ಫ್ರೆಂಚ್ ರಾಕ್ಸ್ ಆಯಿತು. ಆಮೇಲೆ ಕುಂತಿ ಬೆಟ್ಟದ ಐತಿಹ್ಯ ಹಿಡಿದು ಪಾಂಡವಪುರ. ಒಂದೇ ಊರಿಗೆ ಕನ್ನಡದ ಹೆಸರು, ಫ್ರೆಂಚರ ಹೆಸರಿನಲ್ಲಿ ಇಂಗ್ಲಿಷ್ ಹೆಸರು, ಕೊನೆಗೆ ಮಹಾಭಾರತದ ಹೆಸರು! ಕೆ.ಆರ್. ಪೇಟೆಯದೂ ಇದೇ ಕಥೆ. ಅದು ಅತ್ತಿಕುಪ್ಪೆ ಆಗಿತ್ತು, 1891ರಲ್ಲಿ ಕೃಷ್ಣರಾಜಪೇಟೆ ಆಯಿತು. ಅತ್ತಿಮರದ ಹೆಸರು ಹೋಗಿ ಅರಸರ ಹೆಸರು ಬಂತು.

ತೊಣ್ಣೂರು ಕೆರೆಗೆ ನಾನು ಕಾಲೇಜಿನ ದಿನಗಳಲ್ಲಿ ಹತ್ತಾರು ಸಲ ಹೋಗಿದ್ದೇನೆ. ಹೋಗಿದ್ದೆಲ್ಲ ಈಜಲು, ಬಿರಿಯಾನಿ ತಿನ್ನಲು. ಈ ಸಲ ಕೆರೆಯ ಏರಿಯ ಮೇಲೆ ಸುಮ್ಮನೆ ಕೂತೆ. ಎರಡು ಕಲ್ಲುಗುಡ್ಡಗಳ ಸಂದಿಗೆ ಏರಿ ಕಟ್ಟಿ ನೀರು ನಿಲ್ಲಿಸಿದ್ದಾರೆ, ಒಂದು ಸಣ್ಣ ಅಣೆಕಟ್ಟೇ ಅನ್ನಿ. ರಾಮಾನುಜಾಚಾರ್ಯರು ಮೇಲುಕೋಟೆಗೆ ಹೋಗುವ ಮುಂಚೆ ತೊಣ್ಣೂರಿನಲ್ಲಿದ್ದರು, ಕೆರೆಗೆ ತಿರುಮಲಸಾಗರ ಎಂದು ಹೆಸರಿಟ್ಟರು ಅನ್ನುತ್ತದೆ ಪರಂಪರೆ. 1746ರಲ್ಲಿ ಹೈದರಾಬಾದಿನ ನಿಜಾಮನ ಮಗ ನಾಸಿರ್ ಜಂಗ್ ಇಲ್ಲಿ ಬೀಡು ಬಿಟ್ಟಿದ್ದಾಗ ತಿಳಿನೀರು ನೋಡಿ ಮೋತಿ ತಲಾಬ್, ಅಂದರೆ ಮುತ್ತಿನ ಕೆರೆ ಅಂದ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಈ ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಕೂಡ ತೊಣ್ಣೂರಿಗೆ ಬಂದು ಕೆರೆ ನೋಡಿ ಬರೆದುಕೊಂಡಿದ್ದಾನೆ. ಊರೊಳಗೆ ನಂಬಿನಾರಾಯಣನ ಗುಡಿಯಿದೆ. ನಾನು ಹತ್ತಾರು ಸಲ ಬಂದರೂ ಒಳಗೆ ಕಾಲಿಟ್ಟಿರಲಿಲ್ಲ.

ಅಲ್ಲಿಂದ ಚಿನಕುರಳಿ. ಬಸ್ಸಿನ ಬೋರ್ಡಿನಲ್ಲಿ ದಿನಾ ಓದಿದ ಹೆಸರು. 1771ರಲ್ಲಿ ಮೇಲುಕೋಟೆ ಕಡೆಯಿಂದ ಶ್ರೀರಂಗಪಟ್ಟಣಕ್ಕೆ ಹಿಂದೆ ಸರಿಯುತ್ತಿದ್ದ ಹೈದರನ ಸೈನ್ಯವನ್ನು ಮರಾಠರು ಚಿನಕುರಳಿಯ ಬಳಿ ಹಿಡಿದು ಚಿಂದಿ ಮಾಡಿದರು. ಹೈದರ್ ಕಂಡ ಅತಿ ದೊಡ್ಡ ಸೋಲುಗಳಲ್ಲಿ ಅದೂ ಒಂದು. ಅವನು ಹೇಗೋ ತಪ್ಪಿಸಿಕೊಂಡು ಪಟ್ಟಣದ ಕೋಟೆ ಸೇರಿದ. ಟೀ ಅಂಗಡಿಯಲ್ಲಿ ಕೂತು ಇದನ್ನು ಹೇಳಿದರೆ ಅಂಗಡಿಯಣ್ಣ, "ಹೌದಾ ಸಾರ್? ನಮ್ಮೂರಲ್ಲಾ?" ಅಂದ. ನನಗೂ ಅಷ್ಟೇ ಆಶ್ಚರ್ಯವಾಗಿತ್ತು ಅಣ್ಣ ಅಂದೆ.

ಮುಂದಿನ ಭಾನುವಾರಗಳು ಕೆ.ಆರ್. ಪೇಟೆ ಕಡೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋ ಪಟ್ಟಿಗೆ ಸೇರಿದಾಗ ನಾವೆಲ್ಲ ವಾಟ್ಸಾಪಿನಲ್ಲಿ ಹೆಮ್ಮೆಪಟ್ಟೆವು. ಕೆ.ಆರ್. ಪೇಟೆಯ ಪಕ್ಕದಲ್ಲೇ ಇರುವ ಹೊಸಹೊಳಲಿನ ಲಕ್ಷ್ಮೀನಾರಾಯಣ ಗುಡಿ ಆ ಪಟ್ಟಿಯಲ್ಲಿಲ್ಲ. ವೀರ ಸೋಮೇಶ್ವರನ ಕಾಲದ್ದು, ಸುಮಾರು 1250ರದು. ತ್ರಿಕೂಟ, ಅಂದರೆ ಮೂರು ಗರ್ಭಗುಡಿ: ನಾರಾಯಣ, ವೇಣುಗೋಪಾಲ, ಲಕ್ಷ್ಮೀನರಸಿಂಹ. ಹೊರಗೋಡೆಯಲ್ಲಿ ಬಳಪದ ಕಲ್ಲಿನ ಮೇಲೆ ರಾಮಾಯಣ, ಮಹಾಭಾರತ ಸಾಲು ಸಾಲಾಗಿ ಓಡುತ್ತವೆ. ನಾನು ಸುತ್ತು ಹಾಕುವಾಗ ಜಗತಿಯ ಮೇಲೆ ಇಬ್ಬರು ಹುಡುಗರು ಹೋಂವರ್ಕ್ ಮಾಡುತ್ತಿದ್ದರು. ಟಿಕೆಟ್ಟಿಲ್ಲ, ಗೈಡಿಲ್ಲ, ಕ್ಯೂ ಇಲ್ಲ. ಪಟ್ಟಿಯಲ್ಲಿ ಇಲ್ಲದಿರುವುದರ ಲಾಭವೂ ಇದೆ ನೋಡಿ!

ಕಿಕ್ಕೇರಿಯ ಬ್ರಹ್ಮೇಶ್ವರ ಗುಡಿ 1171ರದು. ಕಟ್ಟಿಸಿದ್ದು ರಾಜನಲ್ಲ, ಬಮ್ಮವೆ ನಾಯಕಿತಿ ಅನ್ನುವ ಹೆಣ್ಣುಮಗಳು. 'ಮೈಸೂರ ಮಲ್ಲಿಗೆ'ಯ ಕೆ.ಎಸ್. ನರಸಿಂಹಸ್ವಾಮಿ 1915ರಲ್ಲಿ ಹುಟ್ಟಿದ್ದೂ ಇದೇ ಊರಿನಲ್ಲಿ. ಗೋವಿಂದನಹಳ್ಳಿಯ ಪಂಚಲಿಂಗೇಶ್ವರದಲ್ಲಿ ಐದು ಗರ್ಭಗುಡಿಗಳು ಒಂದೇ ಸಾಲಿನಲ್ಲಿ ನಿಂತಿವೆ. ಅಲ್ಲಿನ ದ್ವಾರಪಾಲಕರ ಪೀಠದಲ್ಲಿ ಮಲ್ಲಿತಮ್ಮನ ಹೆಸರಿದೆ. ಸೋಮನಾಥಪುರದಲ್ಲಿ ಕೆತ್ತಿದವನೂ ಇದೇ ಮಲ್ಲಿತಮ್ಮ. ಒಂದೇ ಉಳಿಯ ಕೆಲಸಕ್ಕೆ ಅಲ್ಲಿ ಬಸ್ಸುಗಟ್ಟಲೆ ಜನ, ಇಲ್ಲಿ ನಾನೊಬ್ಬ, ಒಂದು ನಾಯಿ.

ಇನ್ನೊಂದು ಭಾನುವಾರ ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿ. ಹೊಯ್ಸಳರಿಗೂ ಹಿಂದಿನ, ಗಂಗರ ಕಾಲದ ಪಂಚಕೂಟ ಬಸದಿ ಅಲ್ಲಿದೆ. ಮುಂದೆ ಎತ್ತರದ ಕಂಬ, ಊರಿಗೆ ಹೆಸರು ಕೊಟ್ಟಿದ್ದೇ ಅದು.

ಇದೆಲ್ಲ ನೋಡಿ ಖುಷಿಪಡುವ ಜಾಗ. ಆದರೆ ನನ್ನನ್ನು ನಿಜವಾಗಿ ಅಲ್ಲಾಡಿಸಿದ್ದು ಅಗ್ರಹಾರ ಬಾಚಹಳ್ಳಿ.

ಕೆ.ಆರ್. ಪೇಟೆ ತಾಲ್ಲೂಕಿನದೇ ಹಳ್ಳಿ. ಅಲ್ಲಿ ಶಿವನ ಗುಡಿಯ ಮುಂದೆ ಮೂರು ಕಂಬಗಳಿವೆ. ಒಂದೊಂದರ ತುದಿಯಲ್ಲೂ ಒಂದು ಆನೆ. ನೋಡಿದರೆ ಚಂದ ಅನ್ನಿಸುತ್ತದೆ, ಶಾಸನ ಓದಿದ ಮೇಲೆ ಹಾಗನ್ನಿಸುವುದಿಲ್ಲ. ಹೊಯ್ಸಳರ ಕಾಲದಲ್ಲಿ 'ಗರುಡ' ಅಂತ ಒಂದು ವ್ರತವಿತ್ತು. ರಾಜನಿಗೆ ಮಾತು ಕೊಟ್ಟ ಅಂಗರಕ್ಷಕ, ರಾಜ ಸತ್ತಾಗ ತಾನೂ ಸಾಯಬೇಕು. ಹಳೇಬೀಡಿನಲ್ಲಿ ಎರಡನೇ ಬಲ್ಲಾಳನ ಜೊತೆ ಸತ್ತ ಕುವರ ಲಕ್ಷ್ಮನ ಕಂಬವನ್ನು ನೀವು ನೋಡಿರಬಹುದು. ಅದು ಒಬ್ಬನ ಕಥೆ. ಇಲ್ಲಿ ಒಂದು ಇಡೀ ಮನೆತನದ ಕಥೆ. ಗಂಡನಾರಾಯಣ ಸೆಟ್ಟಿ ಎಂಬವನಿಂದ ಶುರುವಾಗಿ, ಎರೆಯಂಗನ ಕಾಲದಿಂದ ಮೂರನೇ ನರಸಿಂಹನ ಕಾಲದವರೆಗೆ, ತಲೆಮಾರಿನ ಮೇಲೆ ತಲೆಮಾರು. ರಾಜ ಹೋದಾಗಲೆಲ್ಲ ಈ ಮನೆಯಿಂದ ಒಬ್ಬ ಗರುಡ ಹೋಗಿದ್ದಾನೆ. ಕೆಲವರ ಜೊತೆ ಹೆಂಡತಿಯರು, ಮನೆಯ ಆಳುಗಳೂ ಹೋಗಿದ್ದಾರೆ.

ನಾನು ಆ ಕಂಬದ ನೆರಳಲ್ಲಿ ಕೂತು ಲೆಕ್ಕ ಹಾಕಿದೆ. ಇನ್ನೂರು ವರ್ಷದ ಸುಮಾರು. ತೊಟ್ಟಿಲಲ್ಲಿರುವ ಮಗುವಿಗೆ ತಾನು ಹೇಗೆ ಸಾಯಬೇಕು ಅನ್ನುವುದು ಮುಂಚೆಯೇ ಗೊತ್ತು. ಶಾಸನ ಇದನ್ನು ಕೀರ್ತಿ ಅನ್ನುತ್ತದೆ. ಇರಬಹುದು. ಆದರೆ ಜೊತೆಗೆ ಹೋದ ಆ ಆಳುಗಳು ರಾಜನಿಗೆ ಯಾವ ಮಾತು ಕೊಟ್ಟಿದ್ದರು?

ಈ ಪ್ರಶ್ನೆ ತಲೆಯಲ್ಲಿಟ್ಟುಕೊಂಡೇ ಮನೆಗೆ ಬಂದೆ. ರಾತ್ರಿ ಊಟಕ್ಕೆ ಕೂತಾಗ ಅಜ್ಜಿಗೆ ಎಲ್ಲ ಹೇಳಿದೆ. ಅಜ್ಜಿ ಮುದ್ದೆ ಮುರಿಯುತ್ತಾ ಕೇಳಿಸಿಕೊಂಡು, "ಅಷ್ಟು ದೂರ ಹೋಯ್ತೀಯಲ್ಲ ಮಗ, ನಮ್ಮವ್ವನ ಊರಿಗೆ ಒಂದು ದಿನ ಹೋಗಿದ್ದೀಯಾ?" ಅಂದಳು.

"ಯಾವೂರಜ್ಜಿ?"

"ಈಗ ಎಲ್ಲೈತೆ ಊರು? ಕಟ್ಟೆ ನೀರೊಳಗೈತೆ."

ಇಪ್ಪತ್ತೆಂಟು ವರ್ಷದಲ್ಲಿ ನನಗೆ ಈ ವಿಷಯ ಗೊತ್ತೇ ಇರಲಿಲ್ಲ. ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಿದ್ದು 1911ರಲ್ಲಿ, ಮುಗಿದಿದ್ದು 1931ರ ಹೊತ್ತಿಗೆ. ನಾಲ್ವಡಿ ಕೃಷ್ಣರಾಜ ಒಡೆಯರು, ವಿಶ್ವೇಶ್ವರಯ್ಯನವರು, ಸುರ್ಕಿ ಗಾರೆ, 130 ಅಡಿ ಎತ್ತರ: ಇದನ್ನೆಲ್ಲ ಎಂಜಿನಿಯರಿಂಗ್ ಓದಿದ ನಾನು ಬಾಯಿಪಾಠ ಒಪ್ಪಿಸಬಲ್ಲೆ. ಅಣೆಕಟ್ಟಿನ ಬಾಗಿಲ ಬಳಿ ಟಿಪ್ಪು ಕಾಲದ ಪರ್ಷಿಯನ್ ಶಾಸನವಿದೆ. ಇಲ್ಲಿ ಕಟ್ಟೆ ಕಟ್ಟುವ ಯೋಚನೆ ಅವನಿಗೂ ಇತ್ತು. ಆ ನೀರಿನಲ್ಲಿ ಹೊಸದಾಗಿ ಬೇಸಾಯ ಮಾಡುವವರಿಗೆ ಕಂದಾಯದಲ್ಲಿ ರಿಯಾಯಿತಿ ಎಂದು ಅದರಲ್ಲಿದೆ. ಕಟ್ಟೆಗೆ ಹೆಸರು ಕೊಟ್ಟ ಕನ್ನಂಬಾಡಿ ಊರು, ಸುತ್ತಲಿನ ಹಲವು ಹಳ್ಳಿಗಳು ನೀರಿನ ಪಾಲಾದವು. ಹೊಯ್ಸಳರ ಕಾಲದ ವೇಣುಗೋಪಾಲನ ಗುಡಿಯೂ ಮುಳುಗಿತು, ನೀರು ತೀರಾ ಇಳಿದ ವರ್ಷಗಳಲ್ಲಿ ಮಾತ್ರ ತಲೆ ಎತ್ತುತ್ತಿತ್ತು. ಈ ಶತಮಾನದ ಶುರುವಿನಲ್ಲಿ ಖೋಡೆ ಪ್ರತಿಷ್ಠಾನದವರು ಅದರ ಕಲ್ಲುಗಳನ್ನು ಬಿಚ್ಚಿ, ಸಾಗಿಸಿ, ಹೊಸ ಕನ್ನಂಬಾಡಿಯ ಬಳಿ ಹಿನ್ನೀರಿನ ದಡದಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದರು.

ಮುಂದಿನ ಭಾನುವಾರ ಅಜ್ಜಿಯನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಬೈಕಲ್ಲ, ಬಾಡಿಗೆ ಕಾರು. ಗುಡಿ ನೋಡಿ ಕೈಮುಗಿದಳು. ಆಮೇಲೆ ಹೊರಗೆ ಬಂದು ನೀರಿನ ಕಡೆ ತಿರುಗಿ ಬಹಳ ಹೊತ್ತು ನಿಂತಳು. "ದೇವ್ರುನ್ನ ಎತ್ಕೊಂಡು ಬಂದವ್ರೆ, ಒಳ್ಳೇದಾಯ್ತು. ನಮ್ಮವ್ವ ಹೇಳೋಳು, ಮನೆ ಮುಂದೆ ಹುಣಸೆಮರ ಇತ್ತು ಅಂತ. ನೀರು ಬಂದ್ಮೇಲೂ ಒಂದಷ್ಟು ದಿನ ಅದರ ನೆತ್ತಿ ಕಾಣ್ತಿತ್ತಂತೆ" ಅಂದಳು.

ನಾನು ಏನು ಹೇಳಲಿ? ಆ ನೀರು ಬಾರದಿದ್ದರೆ ಮಂಡ್ಯದ ಕಬ್ಬಿಲ್ಲ, ನಮ್ಮ ಗದ್ದೆಗೆ ನಾಲೆಯಿಲ್ಲ, ಅಪ್ಪ ನನ್ನ ಕಾಲೇಜು ಫೀಸು ಕಟ್ಟುತ್ತಿರಲಿಲ್ಲ, ನಾನು ಇಟಲಿ ನೋಡುತ್ತಿರಲಿಲ್ಲ. ಒಂದು ಮನೆಯ ಹುಣಸೆಮರದ ಮೇಲೆ ನಿಂತ ನೀರು ಇನ್ನೊಂದು ಮನೆಯ ಗದ್ದೆಗೆ ಹರಿದಿದೆ. ನಮ್ಮ ಮನೆಯಲ್ಲಿ ಎರಡೂ ಕಡೆಯವರು ಇದ್ದಾರೆ. ಕಟ್ಟೆ ಕಟ್ಟಿದ್ದು ತಪ್ಪು ಅನ್ನಲು ನನ್ನಿಂದಾಗದು. ಆದರೆ ಅದರ ಬೆಲೆ ಕೊಟ್ಟವರು ಯಾರು ಅನ್ನುವುದನ್ನು ಮರೆತು ಉಣ್ಣುವುದೂ ಸರಿಯಲ್ಲ ಅನ್ನಿಸಿತು. ಅಗ್ರಹಾರ ಬಾಚಹಳ್ಳಿಯ ಗರುಡರಿಗೆ ಕಂಬವಿದೆ, ಬಮ್ಮವೆ ನಾಯಕಿತಿಗೆ ಗುಡಿಯಿದೆ, ಮಲ್ಲಿತಮ್ಮನಿಗೆ ಪೀಠದ ಮೇಲೆ ಎರಡಕ್ಷರವಾದರೂ ಇದೆ. ನನ್ನ ಅಜ್ಜಿಯ ಅವ್ವನ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ.

ಈಗ ಭಾನುವಾರ ಸಂಜೆ ಅಜ್ಜಿಯ ಮುಂದೆ ಮೊಬೈಲು ಇಟ್ಟು ಅವಳ ಮಾತು ರೆಕಾರ್ಡ್ ಮಾಡಿಕೊಳ್ಳುತ್ತಿದ್ದೇನೆ. ಯಾವ ಬೀದಿಯಲ್ಲಿ ಯಾರ ಮನೆ, ಯಾವ ಬಾವಿಯ ನೀರು ಸಿಹಿ, ಊರು ಬಿಡುವ ದಿನ ಗಾಡಿಗೆ ಏನೇನು ಹೇರಿದರು... ಅವಳೂ ಕಂಡವಳಲ್ಲ, ತನ್ನ ಅವ್ವನಿಂದ ಕೇಳಿದವಳು. ಅರ್ಧ ನೆನಪು, ಅರ್ಧ ಮರೆವು. ಇತಿಹಾಸಕಾರರು ಇದನ್ನು ಪುರಾವೆ ಅಂತ ಒಪ್ಪುತ್ತಾರೋ ಇಲ್ಲವೋ, ಅಜ್ಜಿ ಇರುವತನಕ ಮಾತ್ರ ಸಿಗುವ ಪುರಾವೆ ಇದು.

ಇಟಲಿಯ ಗೆಳೆಯನಿಗೆ ಮೇಲ್ ಬರೆದಿದ್ದೇನೆ. "ನಮ್ಮೂರಲ್ಲಿ ಏನೂ ಇಲ್ಲ ಅಂದಿದ್ದೆನಲ್ಲ, ತಪ್ಪಾಗಿತ್ತು. ಬಾ, ಒಂದು ವಾರ ರಜಾ ಹಾಕಿ ಬಾ. ದಿನಕ್ಕೆ ಎರಡೇ ಊರು."

ನಿಮ್ಮೂರ ಬಸ್ಸಿನ ಬೋರ್ಡಿನಲ್ಲಿರುವ ಊರುಗಳ ಕಥೆ ನಿಮಗೆ ಗೊತ್ತೇ? ಗೊತ್ತಿದ್ದರೆ ಬರೆಯಿರಿ. ಗೊತ್ತಿಲ್ಲದಿದ್ದರೆ ಮೊದಲು ಮನೆಯಲ್ಲಿರುವ ಅಜ್ಜಿಯನ್ನು ಕೇಳಿ, ಬೈಕು ಆಮೇಲೆ ಹತ್ತಿದರಾಯಿತು.